ಕೊಟ್ಟಿಗೆ, ಪಣತ, ಅಡಿಕೆ ಒಲೆ: ಕೆಡವಿದ ಮೇಲೆ ಬರೆದಿಡೋದು ಹೇಗೆ

ಮಲೆನಾಡಿನಲ್ಲಿ ಹಳೇ ಮನೆಗಳು ಇನ್ನೂ ಅಷ್ಟೋ ಇಷ್ಟೋ ಉಳಿದಿವೆ. ಮನೆಯ ಸುತ್ತ ಇದ್ದದ್ದು ಉಳಿದಿಲ್ಲ. ಮನೆಗೆ ಟೈಲ್ಸ್ ಹಾಕಿಸುತ್ತಾರೆ, ಬಣ್ಣ ಹೊಡೆಸುತ್ತಾರೆ, ಹೇಗೋ ಕಾಪಾಡಿಕೊಳ್ಳುತ್ತಾರೆ. ಆದರೆ ಕೊಟ್ಟಿಗೆ, ಸೌದೆ ಮನೆ, ಭತ್ತ ತುಂಬಿಡುವ ಪಣತ, ಅಡಿಕೆ ಬೇಯಿಸುವ ಒಲೆಯ ಮೇಲಿನ ಮಾಡು (ಛಾವಣಿ), ತೋಟದ ಅಂಚಿನ ಪಂಪಿನ ಮನೆ ಇವೆಲ್ಲ ಒಂದೊಂದಾಗಿ ಹೋದವು. ದನ ಕಮ್ಮಿಯಾದವು, ಒಲೆಯ ಜಾಗಕ್ಕೆ ಗ್ಯಾಸ್ ಬಂತು, ಗದ್ದೆಗೂ ಅಡಿಕೆ ಸಸಿ ಬಂತು, ಅಡಿಕೆಯನ್ನು ಮನೆಯಲ್ಲಿ ಸುಲಿದು ಬೇಯಿಸುವ ಬದಲು ಹಸಿಯಾಗೇ ಕೊಡೋರು ಜಾಸ್ತಿಯಾದರು. ಮನೆ ಕೆಡವುವಾಗ ನಾಲ್ಕು ಜನ ಬೇಡ ಅಂತಾರೆ, ಫೋಟೋ ತೆಗೀತಾರೆ. ಕೊಟ್ಟಿಗೆ ಕೆಡವುವಾಗ ಯಾರೂ ಕ್ಯಾಮೆರಾ ಹಿಡಿದು ನಿಲ್ಲಲ್ಲ.

ಹಾಗಾಗಿ ಹೆಚ್ಚಿನ ಮನೆಗಳಲ್ಲಿ ಈ ಕಟ್ಟಡಗಳ ಒಂದು ನೆಟ್ಟಗಿನ ಫೋಟೋ ಕೂಡ ಇರುವುದಿಲ್ಲ. ಪರವಾಗಿಲ್ಲ. ಫೋಟೋ ಇಲ್ಲದಿದ್ದರೂ, ಕಟ್ಟಡ ಹೋಗಿ ಮೂವತ್ತು ನಲವತ್ತು ವರ್ಷ ಆಗಿದ್ದರೂ, ಅದರಲ್ಲಿ ಕೆಲಸ ಮಾಡಿದ ಒಬ್ಬರಾದರೂ ಬದುಕಿದ್ದರೆ ಅದರ ನಕ್ಷೆ, ಅಳತೆ, ಕಥೆ ಮೂರನ್ನೂ ವಾಪಸ್ ತರಬಹುದು. ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ನಾನು ಬಲ್ಲದ್ದು ಶಿವಮೊಗ್ಗ ಕಡೆಯ ಅಡಿಕೆ ತೋಟದ ಮನೆಗಳು, ಹಾಗಾಗಿ ಉದಾಹರಣೆ ಎಲ್ಲ ಅಲ್ಲಿಯದೇ. ಬಯಲುಸೀಮೆಯವರಿಗೂ ನೀರಿನಡಿ ಊರು ಕಳಕೊಂಡವರಿಗೂ ಬೇರೆಯಾಗಿ ಒಂದೆರಡು ಮಾತು ಕೆಳಗಿದೆ.

ಕಟ್ಟಡ ಹೇಗಿತ್ತು ಅಂತ ಕೇಳಬೇಡಿ

ಇದು ಎಲ್ಲಕ್ಕಿಂತ ಮುಖ್ಯ. "ಅಜ್ಜಿ, ನಮ್ಮ ಕೊಟ್ಟಿಗೆ ಹೇಗಿತ್ತು?" ಅಂತ ಕೇಳಿದರೆ "ದೊಡ್ಡದಿತ್ತು ಮಗಾ, ಹತ್ತಿಪ್ಪತ್ತು ದನ ಇದ್ವು" ಅಂತಾರೆ, ಅಲ್ಲಿಗೆ ಮುಗೀತು. ಅವರು ಯಾವತ್ತೂ ಕೊಟ್ಟಿಗೆಯನ್ನು ದೂರ ನಿಂತು ನೋಡಿದವರೇ ಅಲ್ಲ. ಅದರೊಳಗೆ ಬೆಳಗಿನ ಜಾವ ಎದ್ದು ಹೋಗಿ ಸಗಣಿ ಬಾಚಿದವರು, ಹಾಲು ಕರೆದವರು. ಅವರ ನೆನಪು ಕೈಯಲ್ಲಿದೆ, ಕಾಲಲ್ಲಿದೆ. ಅಲ್ಲಿಂದಲೇ ಕೇಳಬೇಕು.

ಹೀಗೆ ಕೇಳಿ: ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಯಾವ ಬಾಗಿಲಿಂದ ಹೋಗ್ತಿದ್ರಿ? ಮಳೆಗಾಲದಲ್ಲೂ ಅದೇ ದಾರಿಯಾ, ನೆನೆಯದೆ ಹೋಗೋಕೆ ಬೇರೆ ದಾರಿ ಇತ್ತಾ? ಒಳಗೆ ಹೋದ ತಕ್ಷಣ ಎಡಗಡೆ ಯಾವ ದನ? ಹಾಲಿನ ತಂಬಿಗೆ ಎಲ್ಲಿಡ್ತಿದ್ರಿ? ಕರು ಎಲ್ಲಿ ಕಟ್ತಿದ್ರಿ? ಗೋದಲಿಗೆ ಹುಲ್ಲು ಒಳಗಿಂದ ಹಾಕ್ತಿದ್ರಾ ಆಚೆ ಬದಿಯಿಂದಲಾ? ಹುಲ್ಲು ಅಟ್ಟದಿಂದ ಇಳಿಸೋಕೆ ಏಣಿ ಇತ್ತಾ, ಕಂಡಿ ಇತ್ತಾ? ಕತ್ತಲೆಯಲ್ಲಿ ಬುಡ್ಡಿ ದೀಪ ಎಲ್ಲಿ ಇಡ್ತಿದ್ರಿ? ಈ ಕೊನೆಯ ಪ್ರಶ್ನೆಯನ್ನು ಮರೀಬೇಡಿ. ದೀಪ ಇಡುವ ಗೂಡು ಗೋಡೆಯಲ್ಲಿ ಎಲ್ಲಿತ್ತು ಅಂತ ಅವರು ಹೇಳಿದ ಕೂಡಲೇ ಗೋಡೆ ಎಲ್ಲಿತ್ತು, ಮಣ್ಣಿನದಾ ಕಲ್ಲಿನದಾ, ಎಷ್ಟು ದಪ್ಪ ಇತ್ತು ಅನ್ನೋದೆಲ್ಲ ಹಿಂದೆಯೇ ಬರುತ್ತದೆ.

ಮಲೆನಾಡಿನ ಸೊಪ್ಪಿನ ಕೊಟ್ಟಿಗೆಯದ್ದು ಇನ್ನೊಂದು ವಿಶೇಷ ಇದೆ. ಅದರ ನೆಲ ಒಂದೇ ಮಟ್ಟದಲ್ಲಿ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ಬೆಟ್ಟದಿಂದ ಹಸಿ ಸೊಪ್ಪು ತಂದು ದನದ ಕಾಲಡಿ ಹಾಸುತ್ತಿದ್ದರು, ಬೇಸಿಗೆಯಲ್ಲಿ ದರಗು, ಅಂದರೆ ಒಣಗಿದ ಎಲೆ. ಪದರದ ಮೇಲೆ ಪದರ ಬಿದ್ದು ದನಗಳು ನಿಂತ ನೆಲವೇ ಮೇಲೇಳುತ್ತಿತ್ತು. ಗೊಬ್ಬರ ತೆಗೆದ ದಿನ ಮತ್ತೆ ಕೆಳಗಿಳಿಯುತ್ತಿತ್ತು. ಆದ್ದರಿಂದ "ಗೋದಲಿ ಎಷ್ಟು ಎತ್ತರ ಇತ್ತು?" ಅನ್ನೋ ಪ್ರಶ್ನೆಗೆ ಒಬ್ಬರು ಸೊಂಟದ ಮಟ್ಟ ಅಂದರೆ ಇನ್ನೊಬ್ಬರು ಮೊಣಕಾಲ ಮಟ್ಟ ಅನ್ನುತ್ತಾರೆ, ಜಗಳಕ್ಕೂ ನಿಲ್ಲುತ್ತಾರೆ. ಇಬ್ಬರದೂ ಸರಿಯೇ. ಗೊಬ್ಬರ ತೆಗೆದ ದಿನವಾ, ತುಂಬಿದ ದಿನವಾ ಅಂತ ಕೇಳಿ ಎರಡನ್ನೂ ಬರೆದುಕೊಳ್ಳಿ. ಚಿತ್ರ ಬಿಡಿಸುವಾಗ ಎರಡು ಗೆರೆ ಹಾಕಿ.

ಯಾರನ್ನು ಕೇಳಬೇಕು ಅನ್ನೋದೂ ಮುಖ್ಯ. ಗಂಡಸರು ಸಾಮಾನ್ಯವಾಗಿ ಯಾವ ಇಸವಿಯಲ್ಲಿ ಕಟ್ಟಿದ್ದು, ಮರ ಯಾವ ಬೆಟ್ಟದ್ದು, ಬಡಗಿ ಯಾವ ಊರಿನವನು, ಎಷ್ಟು ಖರ್ಚಾಯ್ತು ಇಂಥವನ್ನು ಹೇಳುತ್ತಾರೆ. ಯಾವ ಮೂಲೆಯಲ್ಲಿ ಏನಿತ್ತು ಅನ್ನೋದು ಹೆಂಗಸರಿಗೆ ಗೊತ್ತು. ಮದುವೆಯಾಗಿ ಹೊರಗೆ ಹೋದ ಅತ್ತೆಯಂದಿರನ್ನು ಬಿಡಲೇಬೇಡಿ. ಅವರು ಮನೆ ಬಿಟ್ಟ ಮೇಲೆ ನಡೆದ ರಿಪೇರಿ, ಬದಲಾವಣೆ ಯಾವುದೂ ಅವರ ನೆನಪಿನ ಮೇಲೆ ಕೂತಿಲ್ಲ. ಹಾಗಾಗಿ ಅವರು ಮದುವೆಯಾದ ವರ್ಷದಲ್ಲಿ ಕಟ್ಟಡ ಹೇಗಿತ್ತೋ ಹಾಗೇ ಅವರ ತಲೆಯಲ್ಲಿದೆ.

ಇನ್ನೊಬ್ಬರು ಇದ್ದಾರೆ, ಅವರನ್ನು ನಾವು ಮರೆಯೋದೇ ಜಾಸ್ತಿ. ಕೊಟ್ಟಿಗೆ ಕೆಲಸಕ್ಕೆ, ಗೊಬ್ಬರ ಹೊರೋದಕ್ಕೆ, ರಾತ್ರಿ ಅಡಿಕೆ ಸುಲಿಯೋದಕ್ಕೆ ಬರುತ್ತಿದ್ದವರು. ಎಷ್ಟೋ ಮನೆಗಳಲ್ಲಿ ಮನೆಯವರಿಗಿಂತ ಅವರೇ ಆ ಮಾಡುಗಳ ಕೆಳಗೆ ಹೆಚ್ಚು ಹೊತ್ತು ಕಳೆದಿದ್ದಾರೆ. ಅವರ ಮನೆಗೆ ಹೋಗಿ, ಕೂತು ಕೇಳಿ. ನಿಮ್ಮ ಮನೆಗೆ ಹೇಳಿ ಕಳಿಸಬೇಡಿ. ಅವರು ಹೇಳಿದ್ದನ್ನು ಅವರ ಹೆಸರಲ್ಲೇ ಬರೆಯಿರಿ, ಹೆಸರು ಹಾಕಬಹುದಾ ಅಂತ ಕೇಳಿಯೇ ಹಾಕಿ. ಕೂಲಿ ಎಷ್ಟಿತ್ತು, ಊಟ ಎಲ್ಲಿ ಹಾಕ್ತಿದ್ರು, ಒಳಗೆ ಎಲ್ಲಿವರೆಗೆ ಬಿಡ್ತಿದ್ರು, ಎಲ್ಲಿ ಬಿಡ್ತಿರಲಿಲ್ಲ ಅನ್ನೋ ಮಾತು ಬರುತ್ತದೆ. ಕೇಳೋಕೆ ಕಷ್ಟ ಆದರೂ ಅದನ್ನು ಬಿಡಬೇಡಿ, ಒರೆಸಬೇಡಿ. ಆ ಕಟ್ಟಡ ನಡೆದದ್ದೇ ಹಾಗೆ. ಅದಿಲ್ಲದೆ ಬರೀ ಹೆಂಚು, ಕಂಬ ಬರೆದರೆ ಅರ್ಧ ದಾಖಲೆ ಆಗುತ್ತದೆ.

ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮೊದಲೇ ಹೇಳಿ ಮಾಡಿ. ಶುರುವಿನಲ್ಲಿ ತಾರೀಕು, ಊರು, ಮಾತಾಡುವವರ ಹೆಸರು ನೀವೇ ಜೋರಾಗಿ ಹೇಳಿಬಿಡಿ, ಹತ್ತು ವರ್ಷದ ನಂತರ ಫೈಲ್ ತೆರೆದವರಿಗೆ ಅದು ಬೇಕು. ಟೀವಿ, ಫ್ಯಾನು ಬಂದ್ ಮಾಡಿ. ಅರ್ಧ ಮುಕ್ಕಾಲು ಗಂಟೆ ಸಾಕು, ವಯಸ್ಸಾದವರು ಸುಸ್ತಾಗುತ್ತಾರೆ. ಸುಮ್ನೆ ಕುರ್ಚಿ ಮೇಲೆ ಕೂರಿಸಿ ಸಂದರ್ಶನ ಮಾಡೋದಕ್ಕಿಂತ ಅವರ ಕೈಗೆ ಏನಾದರೂ ಕೊಡಿ. ಹಳೇ ಮೆಟ್ಟುಕತ್ತಿ, ದನದ ಕೊರಳ ಗಂಟೆ, ದನ ಕಟ್ಟುತ್ತಿದ್ದ, ಹುರಿ ಬಿಚ್ಚಿದ ಕಣ್ಣಿ. ಕೈಯಲ್ಲಿ ವಸ್ತು ಇದ್ದಾಗ ಬರುವ ಮಾತೇ ಬೇರೆ.

ನೆಲದ ಮೇಲೆ ಗೆರೆ ಎಳೆಯಿರಿ

ಮಾತು ಕೇಳಿ ಒಂದು ಕಚ್ಚಾ ನಕ್ಷೆ ಮಾಡಿಕೊಂಡ ಮೇಲೆ ಜಾಗಕ್ಕೆ ಹೋಗಿ. ಅಲ್ಲಿ ಈಗ ಏನೇ ಇರಲಿ. ಕಾರು ನಿಲ್ಲಿಸುವ ಶೆಡ್ಡು, ಅಡಿಕೆ ಸಸಿ, ಬರೀ ಹುಲ್ಲು, ಏನಾದರೂ. ಹೋಗಲು ಒಳ್ಳೆ ಕಾಲ ಅಂದರೆ ಡಿಸೆಂಬರ್, ಜನವರಿ. ಹುಲ್ಲು ಒಣಗಲು ಶುರುವಾಗುವ ಹೊತ್ತು. ಪಾಯದ ಕಲ್ಲು ಮಣ್ಣಿನಡಿ ಉಳಿದಿದ್ದರೆ ಅದರ ಮೇಲಿನ ಹುಲ್ಲು ಮೊದಲು ಒಣಗುತ್ತದೆ, ಗೊಬ್ಬರ ಬಿದ್ದ ಜಾಗದ ಹುಲ್ಲು ಕಡು ಹಸಿರಾಗಿ ತಡೆಯುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಸಣ್ಣ ದಿಬ್ಬ, ತಗ್ಗು ಕೂಡ ಕಾಣುತ್ತವೆ.

ಈಗ ಇನ್ನೂ ಉಳಿದಿರುವ, ಅಲುಗದ ಎರಡು ಗುರುತು ಹುಡುಕಿ. ಬಾವಿಕಟ್ಟೆಯ ಮೂಲೆ, ತುಳಸಿಕಟ್ಟೆ, ಮನೆಯ ಹಿಂದಿನ ಜಗಲಿಯ ತುದಿ, ಹಳೇ ಹಲಸಿನ ಮರ ಹೀಗೆ. ಕಟ್ಟಡದ ಒಂದೊಂದು ಮೂಲೆಯಿಂದಲೂ ಈ ಎರಡು ಗುರುತಿಗೆ ಟೇಪು ಹಿಡಿದು ಅಳೆಯಿರಿ. ಎರಡು ಅಳತೆ ಇದ್ದರೆ ಮನೆಗೆ ಬಂದು ಕೈವಾರದಲ್ಲಿ ಎರಡು ಕಮಾನು ಎಳೆದಾಗ ಅವು ಸೇರುವಲ್ಲಿ ಆ ಮೂಲೆ. ಕಮಾನುಗಳು ಎರಡು ಕಡೆ ಸೇರುತ್ತವೆ, ಹಾಗಾಗಿ ಮೂಲೆ ಯಾವ ಬದಿಗೆ ಅಂತ ಅಲ್ಲೇ ಬರೆದುಕೊಂಡಿರಿ. ಸರ್ವೆಯವರ ಯಂತ್ರ ಏನೂ ಬೇಡ. ಮರವನ್ನು ಗುರುತಾಗಿ ಹಿಡಿದರೆ ಬುಡದ ಯಾವ ಬದಿಯಿಂದ ಅಳೆದದ್ದು ಅಂತಲೂ ಬರೆಯಿರಿ.

ಮೂಲೆಗಳು ಸಿಕ್ಕ ಮೇಲೆ ಗೂಟ ಹೊಡೆದು, ದಾರ ಕಟ್ಟಿ, ದಾರದ ಉದ್ದಕ್ಕೂ ಸುಣ್ಣದ ಪುಡಿ ಬಿಡಿ. ರಂಗೋಲಿ ಪುಡಿಯೂ ಆಗುತ್ತದೆ. ಗೋಡೆ, ಬಾಗಿಲು, ಗೋದಲಿ ಎಲ್ಲವನ್ನೂ ನಿಜವಾದ ಅಳತೆಯಲ್ಲಿ ನೆಲದ ಮೇಲೆ ಎಳೆಯಿರಿ. ಆಮೇಲೆ ಅಲ್ಲಿ ಕೆಲಸ ಮಾಡಿದವರನ್ನು ಕರೆದು ಒಳಗೆ ನಡೆಯಲು ಹೇಳಿ.

ನಮ್ಮಲ್ಲಿ ಹೀಗೆ ಗೆರೆ ಎಳೆದು ದೊಡ್ಡಮ್ಮನನ್ನು ಕರೆದಾಗ ಅವರು ಗೆರೆಯ ಆಚೆಯೇ ನಿಂತರು. ಒಳಗೆ ಬನ್ನಿ ಅಂದೆ. "ಎಲ್ಲಿಂದ ಬರ್ಲಿ ಮಾರಾಯ, ಬಾಗ್ಲಿರೋ ಜಾಗಕ್ಕೆ ಗೋಡೆ ಎಳ್ದಿದೀಯಲ್ಲ" ಅಂದರು. ಬಾಗಿಲನ್ನು ಅವರು ಹೇಳಿದ ಕಡೆ ಸರಿಸಿದೆವು. ಆಮೇಲೆ ಅವರು ಸೀರೆ ನೆರಿಗೆ ಸ್ವಲ್ಪ ಎತ್ತಿ ಹಿಡಿದುಕೊಂಡು ಒಳಗೆ ಬಂದರು, ನಾಲ್ಕು ಹೆಜ್ಜೆ ನಡೆದರು, ಅಲ್ಲಿ ತಲೆ ಬಗ್ಗಿಸಿದರು, ಮುಂದೆ ಹೋಗಿ ಮತ್ತೆ ನೆಟ್ಟಗಾದರು. ಮೇಲೆ ಬರೀ ಆಕಾಶ. ಯಾಕೆ ಬಗ್ಗಿದ್ರಿ ಅಂತ ಕೇಳಿದ ಮೇಲೆಯೇ ಅವರಿಗೂ ಗೊತ್ತಾದದ್ದು. ಅಲ್ಲಿ ಹುಲ್ಲಟ್ಟದ ತೊಲೆ ತಗ್ಗಿನಲ್ಲಿತ್ತಂತೆ, ಹೊಸದಾಗಿ ಬಂದ ಸೊಸೆಯಂದಿರೆಲ್ಲ ಅದಕ್ಕೆ ತಲೆ ಹೊಡೆಸಿಕೊಂಡವರೇ. ಮತ್ತೊಮ್ಮೆ ಹಾಗೇ ಬಗ್ಗಿ ನಿಲ್ಲಿಸಿ ನೆಲದಿಂದ ಅವರ ನೆತ್ತಿಗೆ ಟೇಪು ಹಿಡಿದೆವು. ನಾಲ್ಕೂಮುಕ್ಕಾಲು ಅಡಿ. ಆ ತೊಲೆಯ ಎತ್ತರ ಯಾವ ಕಾಗದದಲ್ಲೂ ಇರಲಿಲ್ಲ, ಅವರ ಕುತ್ತಿಗೆಯಲ್ಲಿತ್ತು.

ಹಾಗಾಗಿ ಅವರು ನಡೆಯುವಾಗ ಮಾತಾಡಿಸಬೇಡಿ, ಸುಮ್ನೆ ನೋಡಿ. ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕಾಲೆತ್ತಿ ದಾಟುತ್ತಾರೆ, ಕೈ ಯಾವ ಕಡೆ ಚಾಚುತ್ತಾರೆ. ಒಬ್ಬರು ವಿಡಿಯೋ ಮಾಡುತ್ತಿರಲಿ. ನಡೆಯಲಾಗದವರಿದ್ದರೆ ಅಂಗಳದಲ್ಲಿ ಕೂರಿಸಿ, ನೀವು ಅವರ ಪರವಾಗಿ ನಡೆಯಿರಿ, ಅವರು ಹೇಳುತ್ತಾ ಹೋಗಲಿ.

ಅಳತೆಯ ಮಾತು ಬಂದಾಗ ಹಿರಿಯರು ಅಡಿ, ಇಂಚು ಹೇಳುವುದು ಕಡಿಮೆ. ಮಾರು, ಮೊಳ, ಗೇಣು ಅನ್ನುತ್ತಾರೆ. ಲೆಕ್ಕಕ್ಕೆ ಮಾರು ಅಂದರೆ ಆರು ಅಡಿ, ಮೊಳ ಒಂದೂವರೆ ಅಡಿ, ಗೇಣು ಒಂಬತ್ತು ಇಂಚು. ಆದರೆ ಅವರವರ ಕೈಯದು ಅವರವರಿಗೆ. ಹೇಳಿದವರ ಗೇಣನ್ನೇ ಒಮ್ಮೆ ಟೇಪಿನಲ್ಲಿ ಅಳೆದುಕೊಂಡು ಲೆಕ್ಕ ಹಾಕಿ. ಇನ್ನು ಉದ್ದ ಹೇಳುವಾಗ "ಐದು ಅಂಕಣದ ಕೊಟ್ಟಿಗೆ" ಅನ್ನುತ್ತಾರೆ. ಒಂದು ಸಾಲಿನ ಕಂಬದಿಂದ ಮುಂದಿನ ಸಾಲಿನ ಕಂಬಕ್ಕಿರುವ ಜಾಗ ಒಂದು ಅಂಕಣ. ಅದು ಮನೆಯಿಂದ ಮನೆಗೆ ಬೇರೆ. ನಿಮ್ಮ ಹಳೇ ಮನೆ ಇನ್ನೂ ನಿಂತಿದ್ದು, ಅದನ್ನೂ ಕೊಟ್ಟಿಗೆಯನ್ನೂ ಒಬ್ಬನೇ ಬಡಗಿ ಕಟ್ಟಿದ್ದರೆ ಮನೆಯ ಅಂಕಣ ಅಳೆದು ಅಂದಾಜು ಮಾಡಬಹುದು. ಅಂದಾಜು ಅಂತ ನಕ್ಷೆಯಲ್ಲೇ ಬರೆದಿಡಿ.

ನಕ್ಷೆಯನ್ನು ಗ್ರಾಫ್ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಮಾಡಿ. ಮೇಲಿಂದ ನೋಡಿದ ಹಾಗೆ ಒಂದು, ಮಧ್ಯಕ್ಕೆ ಸೀಳಿ ಬದಿಯಿಂದ ನೋಡಿದ ಹಾಗೆ ಒಂದು. ಎರಡನೆಯದರಲ್ಲಿ ಮಾಡಿನ ಇಳಿಜಾರು, ಅಟ್ಟ, ನೆಲದ ಮಟ್ಟ ಬರುತ್ತದೆ. ಕಂಬಕ್ಕೆ, ಮಾಡಿನ ಮರಗಳಿಗೆ ಮುಂಡಿಗೆ, ತೊಲೆ, ಜಂತೆ, ಪಕಾಸು, ರೀಪು ಅಂತ ನಿಮ್ಮ ಮನೆಯವರು ಏನು ಕರೀತಿದ್ರೋ ಅದೇ ಹೆಸರು ಬರೆಯಿರಿ. ಪಕ್ಕದ ತಾಲೂಕಿನಲ್ಲಿ ಬೇರೆ ಹೆಸರಿದ್ದರೆ ಇರಲಿ. ಆಮೇಲೆ ಒಂದು ದಿನದ ನಡಿಗೆಯನ್ನು ಚುಕ್ಕಿ ಗೆರೆಯಲ್ಲಿ ಹಾಕಿ. ಅಡುಗೆ ಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರಗುಂಡಿಗೆ, ಬಾವಿಯಿಂದ ಬಾನಿಗೆ. ಅಡಿಕೆ ಸುಗ್ಗಿಯದ್ದು ಬೇರೆ ಬಣ್ಣದಲ್ಲಿ: ಗೊನೆ ಬಂದು ಬೀಳುವ ಜಾಗ, ಸುಲಿಯೋರು ಸಾಲಾಗಿ ಕೂರುವ ಜಾಗ, ಹಂಡೆ, ಚೊಗರು (ಅಡಿಕೆ ಬೇಯಿಸಿದ ನೀರು) ಇಡುವ ಪಾತ್ರೆ, ಬೆಂದ ಅಡಿಕೆ ಹರವುವ ಚಪ್ಪರ. ಈ ಚುಕ್ಕಿ ಗೆರೆ ಹಾಕಿದ ಮೇಲೆ ಕಟ್ಟಡಗಳು ಅಲ್ಲಲ್ಲೇ ಯಾಕೆ ಇದ್ದವು ಅಂತ ಗೊತ್ತಾಗುತ್ತದೆ.

ಕಾಗದ ಪತ್ರದಲ್ಲಿ ಏನು ಸಿಗುತ್ತದೆ

ಜಮೀನಿನ ಕಾಗದಗಳಲ್ಲಿ ಕಟ್ಟಡ ಅಡಗಿ ಕೂತಿರುತ್ತದೆ, ಹುಡುಕುವುದು ಗೊತ್ತಿರಬೇಕು ಅಷ್ಟೆ.

ಮೊದಲು ಪಾಲುಪಟ್ಟಿ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಬರೆದ ಪತ್ರ. ಅದರ ಕೊನೆಯ ಷೆಡ್ಯೂಲಿನಲ್ಲಿ ಚಕ್ಕುಬಂದಿ ಇರುತ್ತದೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಪಾಲಿನ ಕೊಟ್ಟಿಗೆ, ಉತ್ತರಕ್ಕೆ ಬಂಡಿ ದಾರಿ ಹೀಗೆ. ಯಾರಿಗೆ ಎಷ್ಟು ಅಂಕಣ ಅಂತಲೂ ಕೆಲವರು ಬರೆದಿರುತ್ತಾರೆ. ಜಗಳ ಬರಬಾರದು ಅಂತ ಬರೆದದ್ದಾದ್ದರಿಂದ ಇದರಷ್ಟು ಖಚಿತ ಯಾವುದೂ ಇಲ್ಲ. ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ.

ಪಹಣಿಯಲ್ಲಿ ಒಂದು ಸಣ್ಣ ಸುಳಿವು ಇದೆ, ಎಷ್ಟೋ ಜನ ಗಮನಿಸಿರುವುದಿಲ್ಲ. ವಿಸ್ತೀರ್ಣದ ಕಾಲಂನಲ್ಲಿ ಫೂಟ್ ಖರಾಬು ಅ, ಫೂಟ್ ಖರಾಬು ಬ ಅಂತ ಇರುತ್ತದಲ್ಲ. ಕರ್ನಾಟಕ ಭೂಕಂದಾಯ ನಿಯಮಗಳು 1966ರ ಪ್ರಕಾರ ಸರ್ವೆ ಕಾಲದಲ್ಲಿ ಸಾಗುವಳಿಗೆ ಬಾರದ್ದು ಅಂತ ಬಿಟ್ಟ ಜಾಗ ಅ ಖರಾಬು, ಅದರಲ್ಲಿ ಹಿಡುವಳಿದಾರನ ಬೇಸಾಯದ ಕಟ್ಟಡಗಳೂ ಕಣವೂ ಸೇರುತ್ತವೆ. ಬ ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಹಾಗಾಗಿ ನಿಮ್ಮ ಸರ್ವೆ ನಂಬರಿನಲ್ಲಿ ಎರಡು ಮೂರು ಗುಂಟೆ ಅ ಖರಾಬು ಇದ್ದರೆ ಅದು ಹಳೇ ಕಣವೋ ಕೊಟ್ಟಿಗೆಯೋ ಇರಬಹುದು. ಬರೀ ಕಲ್ಲುಬಂಡೆಯೂ ಆಗಿರಬಹುದು, ಜಾಗ ನೋಡಿಯೇ ಹೇಳಬೇಕು. ಗುಂಟೆ ಅಂದರೆ 33 ಅಡಿಗೆ 33 ಅಡಿ, ಎಕರೆಗೆ 40. ಸರ್ವೆ ಇಲಾಖೆಯಿಂದ ಆ ನಂಬರಿನ ಟಿಪ್ಪಣಿ (ಅಳತೆಯ ಕಚ್ಚಾ ನಕ್ಷೆ) ಮತ್ತು ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ನಕಲು ತೆಗೆಸಿ, ಖರಾಬು ಎಲ್ಲಿ ಅಂತ ನೋಡಿ. ಕಂದಾಯ ಗ್ರಾಮದ ನಕ್ಷೆ ಇಲಾಖೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ, ಹಳೇ ಕಾಲುದಾರಿ, ಹಳ್ಳ ಅದರಲ್ಲಿ ಕಾಣುತ್ತವೆ. ಜಾಗದಲ್ಲಿ ನಿಂತು ಇದು ಯಾವ ಸರ್ವೆ ನಂಬರು ಅಂತ ತಿಳಿಯಲು ದಿಶಾಂಕ್ ಆ್ಯಪ್ ಸಾಕು.

ಎಲ್ಲ ಮನೆಯಲ್ಲೂ ಪಾಲುಪಟ್ಟಿ ಇರಲ್ಲ. ಗೇಣಿಗೆ ಮಾಡುತ್ತಿದ್ದ ಕುಟುಂಬಗಳಿಗೆ 1974ರ ಭೂಸುಧಾರಣೆಯ ಹೊತ್ತಿನಲ್ಲಿ ಭೂಮಿ ತಮ್ಮದಾಗಲಿ ಅಂತ ತಾವೇ ಹಾಕಿದ ಫಾರಂ 7 ಅರ್ಜಿ, ಆಮೇಲೆ ಬಂದ ಭೂನ್ಯಾಯಮಂಡಳಿ ಆದೇಶ, ಇವೇ ಅಜ್ಜನ ಹೆಸರು ಕಾಣುವ ಮೊದಲ ಕಾಗದ ಆಗಿರಬಹುದು. ಅದನ್ನು ಹುಡುಕಿಸಿ. ಸಾಕ್ಷಿ ಹೇಳಿಕೆಗಳಲ್ಲಿ ಎಲ್ಲಿ ವಾಸ ಇದ್ದರು, ಏನು ಬೆಳೀತಿದ್ದರು ಅಂತ ಸಿಗುವ ಸಾಧ್ಯತೆ ಇದೆ.

ಇನ್ನು ಮನೆಯಲ್ಲೇ ಇರುವ ಚೂರುಪಾರು: ಅಜ್ಜನ ಲೆಕ್ಕದ ಪುಸ್ತಕದಲ್ಲಿ ಹೆಂಚು ತಂದ ಖರ್ಚು, ಬಡಗಿ ಕೂಲಿ. ಗೋಬರ್ ಗ್ಯಾಸಿಗೆ ತೆಗೆದ ಸಾಲದ ಕಾಗದ. ಪಂಪಿನ ಮನೆಯ ಆರ್‌ಆರ್ ನಂಬರು (ಕರೆಂಟ್ ಸಂಪರ್ಕದ ನಂಬರು) ಇರುವ ಹಳೇ ಕರೆಂಟ್ ಬಿಲ್ಲು. ಪಂಚಾಯ್ತಿ ಕಂದಾಯದ ರಸೀದಿ. ಒಂದೊಂದೂ ಒಂದು ವರ್ಷವನ್ನು ಗಟ್ಟಿ ಮಾಡುತ್ತದೆ.

ಇಲ್ಲೊಂದು ಎಚ್ಚರ. ಪಾಲಿನ ತಕರಾರು ನಡೆಯುತ್ತಿರುವ ಮನೆಯಲ್ಲಿ ಒಬ್ಬರು ಟೇಪು ಹಿಡಿದುಕೊಂಡು ಓಡಾಡಿ, ಹಳೇ ಪತ್ರ ಕೇಳಿದರೆ ಉಳಿದವರಿಗೆ ಬೇರೆಯೇ ಅನುಮಾನ ಬರುತ್ತದೆ, ಸಹಜ. ಶುರು ಮಾಡುವ ಮುಂಚೆಯೇ ಎಲ್ಲರಿಗೂ ಒಟ್ಟಿಗೆ ಹೇಳಿ. ಏನು ಸಿಕ್ಕರೂ ಎಲ್ಲರಿಗೂ ಒಂದೇ ನಕಲು ಕೊಡ್ತೀನಿ ಅಂತ ಹೇಳಿ, ಹಾಗೇ ಕೊಡಿ. ನಿಮ್ಮ ನಕ್ಷೆಯ ಮೇಲೆ "ನೆನಪಿಗಾಗಿ ಮಾಡಿದ್ದು, ಗಡಿಗೆ ಆಧಾರವಲ್ಲ" ಅಂತ ಬರೆದುಬಿಡಿ. ತಕರಾರು ಕೋರ್ಟಿನಲ್ಲಿದ್ದರೆ ಜಾಗದ ಅಳತೆ ಸದ್ಯಕ್ಕೆ ಬಿಡಿ, ಮಾತು ಮಾತ್ರ ರೆಕಾರ್ಡ್ ಮಾಡಿಕೊಳ್ಳಿ. ಮಾತು ಕಾಯಲ್ಲ.

ಫೋಟೋ, ಉಪಗ್ರಹ ಚಿತ್ರ

ಕೊಟ್ಟಿಗೆಯ ಫೋಟೋ ಅಂತ ಹುಡುಕಿದರೆ ಸಿಗಲ್ಲ. ಮದುವೆ ಆಲ್ಬಮ್ಮಿನ ಹಿನ್ನೆಲೆ ನೋಡಿ. ಮದುವೆ ಮನೆಯಂಗಳದಲ್ಲೇ ಆಗುತ್ತಿದ್ದ ಕಾಲದಲ್ಲಿ ಚಪ್ಪರದ ಆಚೆ ಕೊಟ್ಟಿಗೆಯ ಮಾಡು, ಹುಲ್ಲಿನ ಗೊಣಬೆ, ಏಣಿ ಎಲ್ಲ ಬಿದ್ದಿರುತ್ತವೆ. ದೀಪಾವಳಿ ಗೋಪೂಜೆಯ ಫೋಟೋ, ಹೊಸ ಬೈಕಿನ ಮುಂದೆ ನಿಂತ ಚಿಕ್ಕಪ್ಪನ ಫೋಟೋ, ಮಗುವಿನ ಮೊದಲ ವರ್ಷದ್ದು. ನೆಂಟರಿಗೂ ಹೇಳಿ, ನಿಮ್ಮ ಮನೆಯ ಹಿನ್ನೆಲೆ ಅವರ ಆಲ್ಬಮ್ಮಿನಲ್ಲಿ ಇರಬಹುದು. ಸ್ಕ್ಯಾನರ್ ಸಿಕ್ಕರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಇಲ್ಲದಿದ್ದರೆ ನೆರಳಿನಲ್ಲಿ ಫ್ಲಾಶ್ ಇಲ್ಲದೆ ಫೋನಿನಲ್ಲಿ ನೇರವಾಗಿ ತೆಗೆಯಿರಿ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಸವೆದು ಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ನೆಗೆಟಿವ್ ಇದ್ದರೆ ದಯವಿಟ್ಟು ಎಸೆಯಬೇಡಿ.

ಕಟ್ಟಡ ಹೋಗಿ ಹತ್ತು ಹದಿನೈದು ವರ್ಷದೊಳಗೆ ಆಗಿದ್ದರೆ ಗೂಗಲ್ ಅರ್ತ್ ಪ್ರೋ ನೋಡಿ. 2015ರಿಂದ ಅದು ಉಚಿತ, ಕಂಪ್ಯೂಟರಿಗೆ ಹಾಕಿಕೊಳ್ಳಬೇಕು. ಮೇಲಿನ ಗಡಿಯಾರದ ಚಿಹ್ನೆ ಒತ್ತಿದರೆ ಹಳೇ ವರ್ಷಗಳ ಚಿತ್ರ ಬರುತ್ತದೆ. ಹೆಂಚಿನ ಮಾಡು ಕೆಂಪು ಕಂದು ಚೌಕವಾಗಿ ಕಾಣುತ್ತದೆ, ತಗಡಿನದಾದರೆ ಬಿಳಿಯಾಗಿ ಹೊಳೆಯುತ್ತದೆ, ಅಳೆಯುವ ಪಟ್ಟಿಯೂ ಅದರಲ್ಲೇ ಇದೆ. ಅಡಿಕೆ ಮರದ ಕೆಳಗೆ ಸೇರಿಕೊಂಡಿದ್ದರೆ ಏನೂ ಕಾಣಲ್ಲ.

ಉಳಿದ ವಸ್ತುಗಳು

ಒಂದು ಹೆಂಚು ಇಟ್ಟುಕೊಳ್ಳಿ. ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ಅವರ ಹೆಂಚುಗಳ ಮೇಲೆ ಆ ಇಸವಿಯೇ ಇರುತ್ತದೆ. ಅದನ್ನು ನೋಡಿ ನಮ್ಮ ಕೊಟ್ಟಿಗೆ 1865ರದು ಅಂತ ಬರೆಯಬೇಡಿ, ಅದು ಕಾರ್ಖಾನೆ ಹುಟ್ಟಿದ ವರ್ಷ. ಒಂದನೇ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು, ಆ ಹೆಸರಿದ್ದರೆ ಯುದ್ಧದ ಈಚಿನ ಹೆಂಚು. ಅಷ್ಟಾದರೂ ಇದು ಹೆಂಚಿನ ವಯಸ್ಸು ಮಾತ್ರ. ಮನೆಯ ಮೇಲಿಂದ ಇಳಿಸಿದ ಹಳೇ ಹೆಂಚನ್ನು ಕೊಟ್ಟಿಗೆಗೆ ಹೊದಿಸುವುದು ಎಲ್ಲ ಕಡೆ ಇತ್ತು. ಅದಕ್ಕೂ ಹಿಂದೆ ಅಡಿಕೆ ಗರಿ ಹೊದಿಸಿದ ಸೋಗೆ ಮಾಡು. ಸೋಗೆ ತೆಗೆದು ಹೆಂಚು ಹಾಕಿದ್ದು ಯಾವಾಗ ಅಂತ ಬೇರೆಯಾಗೇ ಕೇಳಿ, ಆ ವರ್ಷ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ, ಯಾಕಂದರೆ ಅಲ್ಲಿಗೆ ವರ್ಷ ವರ್ಷ ಸೋಗೆ ಹೊದಿಸುವ ಕೆಲಸ ತಪ್ಪಿತು.

ಮರ ಎಲ್ಲಿಗೆ ಹೋಯ್ತು ಅಂತ ಹುಡುಕುವುದು ನನಗೆ ತುಂಬಾ ಇಷ್ಟದ ಕೆಲಸ. ಒಳ್ಳೆ ಮರವನ್ನು ಯಾರೂ ಸುಡಲ್ಲ. ಒಂದು ತೊಲೆ ಪಕ್ಕದ ಮನೆಯ ಮಾಡಿನಲ್ಲಿ ಇರುತ್ತದೆ, ಮುಂಡಿಗೆ ತುಂಡು ಯಾರದೋ ಅಂಗಳದಲ್ಲಿ ಕೂರುವ ಮಣೆಯಾಗಿರುತ್ತದೆ, ಬಾಗಿಲನ್ನು ಹಳೇ ಸಾಮಾನಿನವರು ಬಂದು ಕೊಂಡು ಹೋಗಿರುತ್ತಾರೆ. ತೊಲೆ ಸಿಕ್ಕಿದರೆ ಅದರ ಮೇಲಿನ ತೂತು, ಕಚ್ಚುಗಳ ಫೋಟೋ ತೆಗೆದು ನಡುವಿನ ಅಂತರ ಅಳೆಯಿರಿ. ಆ ಅಂತರದಲ್ಲೇ ಜಂತೆ ಕೂತಿದ್ದವು. ಬೆಲೆ ಮಾತಾಡಲು ಬಂದಿಲ್ಲ, ಅಳತೆಗೆ ಬಂದದ್ದು ಅಂತ ಮೊದಲೇ ಹೇಳಿದರೆ ಸಾಕು, ಕಾಫಿ ಕೊಟ್ಟು ತೋರಿಸುತ್ತಾರೆ.

ಹಿರಿಯರ ನೆನಪು ಮಂಕಾಗಿದ್ದರೆ, ಓಡಾಡುವ ಶಕ್ತಿ ಇದ್ದರೆ, ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಒಮ್ಮೆ ಕರೆದುಕೊಂಡು ಹೋಗಿ. ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರಿನ ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಅಲ್ಲಿನ ಒಂದು ಅಗಳಿಯನ್ನೋ ಕಂಬವನ್ನೋ ಮುಟ್ಟಿದಾಗ "ನಮ್ಮದು ಹೀಗಿರಲಿಲ್ಲ" ಅಂತ ಶುರು ಮಾಡುತ್ತಾರೆ, ಆಗ ರೆಕಾರ್ಡರ್ ಒತ್ತಿ.

ಬಯಲುಸೀಮೆಯವರಿಗೆ, ಮುಳುಗಡೆಯವರಿಗೆ

ಬಯಲುಸೀಮೆಯಲ್ಲಿ ಹುಡುಕಬೇಕಾದದ್ದು ಕಣ ಮತ್ತು ಹಗೇವು. ಕಣದ ನಡುವಿನ ಮೇಟಿ ಕಂಬ ಹೋಗಿದ್ದರೂ ತೆನೆ ತುಳಿಸಲು ಉರುಳಿಸುತ್ತಿದ್ದ ರೋಣಗಲ್ಲು ಎಲ್ಲೋ ಬಿದ್ದಿರುತ್ತದೆ, ಭಾರಕ್ಕೆ ಯಾರೂ ಒಯ್ದಿರಲ್ಲ. ಹಗೇವು ನೆಲದಡಿಯ ದವಸದ ಗುಂಡಿ, ಮೇಲೆ ಮುಚ್ಚಿದ್ದರೂ ಒಳಗೆ ಹಾಗೇ ಇರಬಹುದು. ಅದರ ಬಾಯಿ ಸಿಕ್ಕಿತು ಅಂತ ಯಾರೂ ಇಳಿಯಬೇಡಿ, ಮಕ್ಕಳನ್ನಂತೂ ಹತ್ತಿರ ಬಿಡಬೇಡಿ. ಮುಚ್ಚಿದ ಹಗೇವಿನಲ್ಲಿ ಉಸಿರು ಕಟ್ಟಿ ಸತ್ತವರಿದ್ದಾರೆ. ಹಿಂದಿನವರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಆರದೆ ಇದ್ದರೆ ಮಾತ್ರ ಇಳಿಯುತ್ತಿದ್ದರು. ನಮಗೆ ಇಳಿಯುವ ಅಗತ್ಯವೇ ಇಲ್ಲ. ಮೇಲಿಂದ ಬಾಯಿಯ ಅಗಲ ಅಳೆದು, ಹಗ್ಗಕ್ಕೆ ಕಲ್ಲು ಕಟ್ಟಿ ಆಳ ಅಳೆದರೆ ಸಾಕು.

ಶರಾವತಿ ಕೊಳ್ಳದವರಿಗೆ ನಿಂತು ನೋಡಲು ಜಾಗವೇ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಆಗ ಕೆಲಸ ಮಾಡುವ ವಯಸ್ಸಿನಲ್ಲಿದ್ದವರು ಈಗ ಎಂಬತ್ತರ ಆಸುಪಾಸು. ಮೊದಲು ಅವರ ಮಾತು, ಉಳಿದದ್ದೆಲ್ಲ ಆಮೇಲೆ. ನಂತರ ಪರಿಹಾರದ ಕಾಗದ ಹುಡುಕಿ. ಭೂಸ್ವಾಧೀನದ ಪಟ್ಟಿಯಲ್ಲಿ ಮನೆ, ಕೊಟ್ಟಿಗೆ, ಬಾವಿ, ಮರಗಳಿಗೆ ಬೇರೆ ಬೇರೆ ಬೆಲೆ ಕಟ್ಟಿ ಬರೆದಿರುತ್ತಾರೆ. ಮನೆಯಲ್ಲಿ ಇಲ್ಲದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ ಕೇಳಬಹುದು. ಸರ್ವೆ ಆಫ್ ಇಂಡಿಯಾದ ಹಳೇ, ಒಂದು ಇಂಚಿಗೆ ಒಂದು ಮೈಲಿಯ ನಕ್ಷೆ ಎಲ್ಲಾದರೂ ಸಿಕ್ಕರೆ ಮುಳುಗುವ ಮುಂಚಿನ ದಾರಿ, ಹಳ್ಳ, ಊರಿನ ಗುರುತು ಅದರಲ್ಲಿರುತ್ತದೆ. ಈ ಕೆಲಸವನ್ನು ಒಂದು ಮನೆಯವರು ಮಾಡುವುದಕ್ಕಿಂತ, ಈಗ ಬೇರೆ ಬೇರೆ ಕಡೆ ನೆಲೆಸಿರುವ ಒಂದೇ ಊರಿನವರು ಸೇರಿ ಮಾಡಿದರೆ ತುಂಬಾ ಚೆನ್ನಾಗಿ ಆಗುತ್ತದೆ. ನನ್ನ ಕೊಟ್ಟಿಗೆ ಎಲ್ಲಿತ್ತು ಅಂತ ಹೇಳಲು ನಿಮ್ಮ ಬಾವಿ ಬೇಕಾಗುತ್ತದೆ.

ಬರೆದಿಟ್ಟದ್ದನ್ನು ಎಲ್ಲಿಡಬೇಕು

ಇಬ್ಬರು ಎರಡು ರೀತಿ ಹೇಳಿದರೆ ಎರಡನ್ನೂ ಬರೆಯಿರಿ, ಯಾರು ಹೇಳಿದ್ದು ಅಂತ ಹಾಕಿ. ಯಾವುದು ಅಳೆದದ್ದು, ಯಾವುದು ಕೇಳಿದ್ದು, ಯಾವುದು ನಿಮ್ಮ ಊಹೆ ಅಂತ ಮೂರು ಬಣ್ಣದಲ್ಲಿ ಗುರುತಿಸಿ. ಪುಟದ ಪಕ್ಕ ಅಗಲವಾಗಿ ಜಾಗ ಬಿಡಿ, ಓದಿದವರು ಪೆನ್ಸಿಲಿನಲ್ಲಿ ತಿದ್ದಲಿ.

ರೆಕಾರ್ಡಿಂಗು, ಸ್ಕ್ಯಾನು ಎಲ್ಲವನ್ನೂ ಮೂರು ಕಡೆ ಇಡಿ, ಅದರಲ್ಲಿ ಒಂದಾದರೂ ಬೇರೆ ಊರಿನಲ್ಲಿರಲಿ. ಆದರೆ ಫೋನು, ಪೆನ್‌ಡ್ರೈವು ನಂಬಿ ಕೂರಬೇಡಿ. ನಕ್ಷೆ, ಬರಹ, ಮುಖ್ಯ ಫೋಟೋ ಇಷ್ಟನ್ನು ಕಾಗದದ ಮೇಲೆ ತೆಗೆಸಿ. ಇಂಕ್‌ಜೆಟ್ ಬೇಡ, ನಮ್ಮ ಮಳೆಗಾಲದ ತೇವಕ್ಕೆ ಬಣ್ಣ ಹರಡುತ್ತದೆ. ಲೇಸರ್ ಪ್ರಿಂಟ್ ಮಾಡಿಸಿ. ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಮಾಡಿದರೆ ಬಿಡಿಸಲು ಬರಲ್ಲ, ತಿದ್ದಲೂ ಬರಲ್ಲ. ಮತ್ತೆ ಅದನ್ನು ಆಲ್ಬಮ್ಮಿನ ಜೊತೆ ಇಡಬೇಡಿ, ಪಹಣಿ, ಪಾಲುಪಟ್ಟಿ, ಕಂದಾಯದ ರಸೀದಿ ಇರುವ ಪೆಟ್ಟಿಗೆಯಲ್ಲಿ ಇಡಿ. ಮನೆ ಬದಲಾದಾಗ ಆಲ್ಬಮ್ಮು ಅಟ್ಟ ಸೇರುತ್ತದೆ. ಜಮೀನಿನ ಕಾಗದವನ್ನು ಮಾತ್ರ ಯಾರೂ ಎಸೆಯುವುದಿಲ್ಲ, ಸಾಲಕ್ಕೋ ಪೋಡಿಗೋ ಹಿಸ್ಸೆಗೋ ಆಗಾಗ ಪೆಟ್ಟಿಗೆ ತೆರೆದೇ ತೆರೆಯುತ್ತಾರೆ. ತೆರೆದವರ ಕೈಗೆ ಮೊದಲು ಸಿಗುವ ಹಾಗೆ, ಎಲ್ಲಕ್ಕಿಂತ ಮೇಲೆ ಇಡಿ.